ಅವನ್ಯಾಕೆ ಪೀಪಿ ಊದಿದ?

ನಿಮ್ಮನ್ನೇ ಕೇಳ್ತಿರೋದು. ಅಂಪೈರ್ ಬೆರಳೆತ್ತೋಕೆ ಮುಂಚೇನೇ ಸೋಫಾ ಮೇಲಿಂದ ಬೆರಳೆತ್ತೋರು ನೀವೇ ತಾನೆ? ಬಾಲ್ ಲೆಗ್ ಸ್ಟಂಪಿನ ಹೊರಗೆ ಬಿತ್ತೋ ಒಳಗೆ ಬಿತ್ತೋ ಅಂತ, ಸ್ಟಂಪಿನ ಹಿಂದೆಯೇ ನಿಂತವನಿಗಿಂತ ಚೆನ್ನಾಗಿ, ಬಾಯಲ್ಲಿ ಚಕ್ಕುಲಿ ಇಟ್ಕೊಂಡೇ ಹೇಳಿಬಿಡೋರು. ಅಂಥ ನಿಮಗೆ ಒಂದು ಶನಿವಾರ ರಾತ್ರಿ ಚಾನೆಲ್ ತಿರುಗಿಸ್ತಾ ತಿರುಗಿಸ್ತಾ ರಗ್ಬಿ ಸಿಕ್ಕಿಬಿಟ್ಟಿದೆ.

ಮೊದಲ ಐದು ನಿಮಿಷ ಬರೀ ಬೆರಗು. (“ಅಬ್ಬಬ್ಬಾ, ಏನ್ ಆಳುಗಳಪ್ಪಾ ಇವ್ರು!”) ಆಮೇಲೆ ಐದು ನಿಮಿಷ ಗೊಂದಲ. (“ಈಗ್ಯಾಕೆ ಪೀಪಿ ಊದ್ದ?”) ಹನ್ನೊಂದನೇ ನಿಮಿಷಕ್ಕೆ ತೀರ್ಪು ರೆಡಿ: “ರೆಫರಿ ಅವರ ಕಡೆಯೋನು ಕಣೇ!” ಯಾವ ಜೆರ್ಸಿ ಯಾವ ದೇಶದ್ದು ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಮೋಸ ನಡೀತಿರೋದಂತೂ ಗ್ಯಾರಂಟಿ.

ನಾಚ್ಕೋಬೇಡಿ. ಆಕ್ಲೆಂಡಿನಲ್ಲಿ ಮನೆ ಮಾಡಿರೋ ನಿಮ್ಮ ಭಾಮೈದ ಇದಾನಲ್ಲ, ವರ್ಷಗಟ್ಟಲೆ ಕಪ್ಪು ಜೆರ್ಸಿ ಹಾಕ್ಕೊಂಡು ಸ್ಟೇಡಿಯಂಗೆ ಹೋಗಿಬಂದೋನು, ಅವನಿಗೂ ಪೀಪಿ ಅರ್ಥ ಆಗೋದು ಅರ್ಧಂಬರ್ಧವೇ. (ಕೇಳಿ ನೋಡಿ. “ಬ್ರೇಕ್‌ಡೌನ್ ಇನ್‌ಫ್ರಿಂಜ್‌ಮೆಂಟ್ ಭಾವ” ಅಂತಾನೆ. ಯಾವುದಪ್ಪಾ ಅಂದ್ರೆ ಫೋನ್ ಅಕ್ಕನ ಕೈಗೆ ಕೊಡಿ ಅಂತಾನೆ.)

ಬನ್ನಿ, ಆ ಬ್ರೇಕ್‌ಡೌನಿಗೇ ಹೋಗೋಣ. ಒಬ್ಬ ಚೆಂಡು ಅವುಚಿಕೊಂಡು ಓಡ್ತಾನೆ, ಇನ್ನೊಬ್ಬ ಅವನನ್ನ ಕೆಡವ್ತಾನೆ. ಇಲ್ಲೀವರೆಗೆ ಎಲ್ಲ ಸಲೀಸು. ಇದಾದ ಮೇಲಿನ ಮೂರು ಸೆಕೆಂಡ್ ಇದೆ ನೋಡಿ, ರಗ್ಬಿಯ ಅರ್ಧ ಜಗಳ ಹುಟ್ಟೋದು ಅಲ್ಲೇ.

ಕೆಡವಿದೋನು ತಕ್ಷಣ ಕೈ ಬಿಡಬೇಕು, ಪಕ್ಕಕ್ಕೆ ಉರುಳಬೇಕು. ಬಿದ್ದೋನು ತಕ್ಷಣ ಚೆಂಡು ಬಿಡಬೇಕು. ಚೆಂಡು ಕಿತ್ಕೊಳ್ಳೋಕೆ ಬಂದೋನು ತನ್ನ ಕಾಲ ಮೇಲೆ ತಾನು ನಿಂತಿರಬೇಕು, ಬಿದ್ದೋರ ಮೇಲೆ ಒರಗೋ ಹಾಗಿಲ್ಲ. ಸಹಾಯಕ್ಕೆ ಓಡಿ ಬರೋರು ತಮ್ಮ ಕಡೆಯ ಹಿಂಬದಿಯಿಂದಲೇ ನುಗ್ಗಬೇಕು, ಪಕ್ಕದಿಂದ ತೂರಿಕೊಂಡ್ರೆ ತಪ್ಪು. ಎರಡೂ ಕಡೆಯೋರು ಚೆಂಡಿನ ಮೇಲೆ ನಿಂತು ತಳ್ಳೋಕೆ ಶುರು ಮಾಡಿದ್ರೆ ಅದು ‘ರಕ್’. ಅಲ್ಲಿಂದ ಮುಂದೆ ಹೊಸದಾಗಿ ಯಾರೂ ಕೈ ಹಾಕೋ ಹಾಗಿಲ್ಲ.

ಇಷ್ಟೂ ಮೂರು ಸೆಕೆಂಡಲ್ಲಿ. ಆರೇಳು ಜನ, ಒಬ್ಬೊಬ್ರೂ ಒಂದೊಂದು ಕ್ವಿಂಟಲ್. ಆ ರಾಶಿಯಲ್ಲಿ ಯಾರ ಕೈ ಯಾವುದು, ಯಾರ ಕಾಲು ಯಾವುದು ಅಂತ ಅವರಿಗೇ ಗೊತ್ತಿರಲ್ಲ. ಇಂಥ ರಾಶಿ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಬೀಳುತ್ತೆ. ಸೂಕ್ಷ್ಮವಾಗಿ ನೋಡಿದ್ರೆ ಬಹುತೇಕ ಪ್ರತಿಯೊಂದರಲ್ಲೂ ಯಾರೋ ಒಬ್ಬ ಏನೋ ಒಂದು ಕಿತಾಪತಿ ಮಾಡ್ತಿರ್ತಾನೆ.

ಎಲ್ಲದಕ್ಕೂ ಊದಿದ್ರೆ? ಎಂಬತ್ತು ನಿಮಿಷವೂ ಪೀಪಿಯೇ. ಅದಕ್ಕೆ ರೆಫರಿ ತಲೆಯಲ್ಲಿ ಎರಡೇ ಪ್ರಶ್ನೆ: ಮೊದಲು ತಪ್ಪು ಮಾಡಿದ್ದು ಯಾರು? ಆ ತಪ್ಪಿಂದ ಆಟಕ್ಕೆ ಏನಾದ್ರೂ ತೊಂದ್ರೆ ಆಯ್ತಾ? ಚೆಂಡು ಸರಾಗವಾಗಿ ಆಚೆ ಬಂದಿದ್ರೆ, ಆ ಕಡೆ ಮೂಲೇಲಿ ಒಬ್ಬ ಅಡ್ಡ ಬಿದ್ದಿದ್ದನ್ನ ನೋಡಿಯೂ ಸುಮ್ನಿರ್ತಾನೆ.

ಈಗ ನಿಮ್ಮ ಕಥೆಗೆ ಬರೋಣ. ಸಿಗ್ನಲ್ಲಿನಲ್ಲಿ ಹತ್ತು ಸ್ಕೂಟರ್ ಕೆಂಪು ದೀಪ ಹಾರಿಸಿ ಹೋದ್ವು, ಪೊಲೀಸಪ್ಪ ನಿಮ್ಮದೊಂದನ್ನೇ ಅಡ್ಡ ಹಾಕಿದ. ಆಗ ನೀವು “ನಾನು ಹಾರಿಸಿಲ್ಲ ಸಾರ್” ಅಂದ್ರಾ? ಎಲ್ಲಿ! “ಮುಂದೆ ಹೋದೋನ್ನ ಯಾಕ್ ಹಿಡೀಲಿಲ್ಲ?” ಅಂದ್ರಿ. ರಗ್ಬಿ ನೋಡೋವಾಗ ನಿಮ್ಮ ಬಾಯಿಂದ ಬರೋದೂ ಅದೇ ಮಾತು, ಅದೇ ರಾಗ.

ಒಂದು ಗುಟ್ಟು ಹೇಳ್ಲಾ? ರಗ್ಬಿಯಲ್ಲಿ ರೆಫರಿಗೆ ಮೈಕ್ ಹಾಕಿರ್ತಾರೆ. ಅವನ ಮಾತೆಲ್ಲ ಟಿವಿಯಲ್ಲಿ ಕೇಳುತ್ತೆ. ಪೀಪಿ ಊದೋಕೆ ಮುಂಚೆ ಅವನು ಬಾಯಲ್ಲಿ ಎಚ್ಚರಿಸ್ತಾನೆ: “ಉರುಳು, ಏಳನೇ ನಂಬರ್!” “ಕೈ ತೆಗಿ!” “ಹಿಂದೆ ಹೋಗಿ, ಹಿಂದೆ!” ಕೇಳಿದೋನು ಬಚಾವ್, ಕೇಳದೋನಿಗೆ ಪೆನಾಲ್ಟಿ. ಕಿವಿಗೊಟ್ಟು ಕೂತ್ರೆ ಅರ್ಧ ತೀರ್ಪು ಬರೋಕೆ ಮುಂಚೇನೇ ನಿಮಗೆ ಗೊತ್ತಾಗಿರುತ್ತೆ. ಆದ್ರೆ ನೀವೋ, ಟಿವಿ ಮ್ಯೂಟಲ್ಲಿಟ್ಟು ವಾಟ್ಸಾಪಲ್ಲಿ ಮುಳುಗಿರ್ತೀರಿ. ಪೀಪಿ ಶಬ್ದವೂ ಇಲ್ಲ, ರೆಫರಿ ಕೈ ಎತ್ತಿದ ಮೇಲೆ ತಲೆ ಎತ್ತಿ “ಏನಾಯ್ತು?”

ಕೈ ಅಂದೆನಲ್ಲ, ಅದನ್ನೂ ನೋಡ್ಕೊಳ್ಳಿ. ಎಷ್ಟೋ ಸಲ “ಅಯ್ಯೋ, ಕಾಣಿಸ್ಲಿಲ್ವಾ ಕುರುಡನಿಗೆ!” ಅಂತ ನೀವು ಕೂಗಾಡ್ತಿರೋ ಹೊತ್ತಿಗೆ, ಅವನು ಕಂಡು, ಒಂದು ಕೈ ಪಕ್ಕಕ್ಕೆ ಚಾಚಿಕೊಂಡೇ ಓಡ್ತಿರ್ತಾನೆ. ಅದು ‘ಅಡ್ವಾಂಟೇಜ್’. ತಪ್ಪು ಆ ಕಡೆಯವರದು, ಆದ್ರೆ ಈ ಕಡೆಯವರಿಗೆ ಅದರಿಂದಲೇ ಲಾಭ ಆಗೋ ಹಾಗಿದ್ರೆ ಆಡಲಿ ಬಿಡು ಅಂತ. ಲಾಭ ಆಗ್ಲಿಲ್ವಾ, ತಪ್ಪು ನಡೆದ ಜಾಗಕ್ಕೇ ಎಲ್ಲರನ್ನೂ ವಾಪಸ್ ಕರೀತಾನೆ. ಅಷ್ಟರಲ್ಲಿ ಚೆಂಡು ನಲವತ್ತು ಮೀಟರ್ ಮುಂದೆ ಹೋಗಿರುತ್ತೆ, ನೀವು ಮೂಲ ತಪ್ಪನ್ನೇ ಮರೆತು “ಈಗ ಯಾರ್ ಏನ್ ಮಾಡಿದ್ರು?” ಅಂತ ಹೊಸ ತಗಾದೆ ತೆಗೆದಿರ್ತೀರಿ.

(ಸ್ಕ್ರಮ್ ಬಗ್ಗೆ ಕೇಳ್ಬೇಡಿ. ಹದಿನಾರು ಜನ ತಲೆ ತಗ್ಗಿಸಿ ತಳ್ಳಾಡ್ತಾರೆ, ಕುಸೀತಾರೆ, ರೆಫರಿ ಯಾರದೋ ಕಡೆ ಕೈ ತೋರಿಸ್ತಾನೆ. ಜೀವಮಾನವಿಡೀ ಅದರೊಳಗೇ ತಲೆ ಇಟ್ಟಿದ್ದ ಹಳೇ ಆಟಗಾರರು ಕಾಮೆಂಟರಿ ಬಾಕ್ಸಲ್ಲಿ ಕೂತು, ಕುಸಿದದ್ದು ಯಾರಿಂದ ಅಂತ ತಮ್ಮತಮ್ಮಲ್ಲೇ ಕಿತ್ತಾಡ್ತಾರೆ. ನಾವ್ಯಾಕೆ ಆ ಉಸಾಬರಿಗೆ ಹೋಗೋದು.)

ಅದಕ್ಕಿಂತ ಮಜವಾದ್ದು ಫಾರ್ವರ್ಡ್ ಪಾಸ್. ರಗ್ಬಿಯಲ್ಲಿ ಚೆಂಡನ್ನ ಮುಂದಕ್ಕೆ ಎಸೆಯೋ ಹಾಗಿಲ್ಲ, ಇದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಜೋರಾಗಿ ಓಡ್ತಿರೋನು ಚೆಂಡನ್ನ ಸ್ವಲ್ಪ ಹಿಂದಕ್ಕೇ ಎಸೆದ್ರೂ ಅವನ ಓಟದ ವೇಗ ಚೆಂಡಿಗೂ ಇರುತ್ತಲ್ಲ, ಅದು ನೆಲದ ಗೆರೆಯ ಲೆಕ್ಕದಲ್ಲಿ ಮುಂದಕ್ಕೇ ಹೋಗಿ ಬೀಳಬಹುದು. ಹಾಗಾಗಿ ರೆಫರಿ ನೋಡೋದು ಕೈಯಿಂದ ಚೆಂಡು ಯಾವ ದಿಕ್ಕಿಗೆ ಬಿಡುಗಡೆ ಆಯ್ತು ಅಂತ. ನೀವು ನೋಡೋದು ಟಿವಿ ನಿಲ್ಲಿಸಿ, ಸ್ಕ್ರೀನ್ ಮೇಲೆ ಬೆರಳಲ್ಲಿ ಗೆರೆ ಎಳೆದು. (ಆ ಎಣ್ಣೆ ಗುರುತು ಒರೆಸೋದು ಯಾರು ಅಂತಲೂ ಯೋಚನೆ ಮಾಡಿ.)

ಹಾಗಂತ ನಿಜವಾಗಿಯೂ ಮುಂದಕ್ಕೆ ಹೋದ ಪಾಸ್ ತಪ್ಪಿಸಿಕೊಂಡಿಲ್ವಾ? ತಪ್ಪಿಸಿಕೊಂಡಿದೆ, ಅದೂ ಎಂಥ ಹೊತ್ತಲ್ಲಿ! 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಕಾರ್ಡಿಫ್. ಫ್ರಾನ್ಸಿನ ಡಾಮಿಯಾ ತ್ರಾಯ್ ಎಸೆದ ಚೆಂಡು ಮಿಶಲಾಕ್ ಕೈಗೆ ಸಿಕ್ತು, ಅವನು ಓಡಿದ, ಜೋಜಿಯೋ ‘ಟ್ರೈ’ ಮಾಡಿದ, ಅಂದ್ರೆ ಚೆಂಡನ್ನ ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದ. ಆ ಮೊದಲ ಪಾಸ್ ಸ್ಪಷ್ಟವಾಗಿ ಮುಂದಕ್ಕೇ ಹೋಗಿತ್ತು. ರೆಫರಿ ವೇಯ್ನ್ ಬಾರ್ನ್ಸ್ ಊದಲಿಲ್ಲ. ಫ್ರಾನ್ಸ್ 20, ನ್ಯೂಜಿಲೆಂಡ್ 18.

ಬಾರ್ನ್ಸ್‌ಗೆ ಆಗ ವಯಸ್ಸು 28. ಓದಿದ್ದು ಕಾನೂನು, ವೃತ್ತಿಯಲ್ಲಿ ಬ್ಯಾರಿಸ್ಟರ್. ಆದ್ರೆ ನ್ಯೂಜಿಲೆಂಡಿನ ಜನತಾ ನ್ಯಾಯಾಲಯದಲ್ಲಿ ಅವನಿಗೆ ವಕೀಲರೇ ಸಿಗಲಿಲ್ಲ. ಟಿವಿಯಲ್ಲಿ ಇಡೀ ದೇಶಕ್ಕೆ ಕಂಡದ್ದು ಇವನೊಬ್ಬನಿಗೆ ಕಾಣಿಸ್ಲಿಲ್ವಾ, ವಿಡಿಯೋ ನೋಡಿ ಹೇಳ್ಬಾರದಿತ್ತಾ, ಕ್ಯಾಮೆರಾ ಇರೋದು ಯಾಕೆ ಅಂತ ವರ್ಷಗಟ್ಟಲೆ ಬೈದ್ರು.

ಈಗ 2023ಕ್ಕೆ ಬನ್ನಿ. ಪ್ಯಾರಿಸ್, ವಿಶ್ವಕಪ್ ಫೈನಲ್, ಅಕ್ಟೋಬರ್ 28. ದಕ್ಷಿಣ ಆಫ್ರಿಕಾ ಎದುರು ಅದೇ ನ್ಯೂಜಿಲೆಂಡ್. ಪೀಪಿ ಯಾರ ಕೈಲಿ ಹೇಳಿ? ಅದೇ ಬಾರ್ನ್ಸ್! ಎರಡನೇ ಅರ್ಧದಲ್ಲಿ ಆರನ್ ಸ್ಮಿತ್ ಟ್ರೈ ಮಾಡಿದ, ಕರಿ ಜೆರ್ಸಿಯವರೆಲ್ಲ ಕುಣಿದಾಡಿದ್ರು. ಆಗ ವಿಡಿಯೋ ಮುಂದೆ ಕೂತಿದ್ದ ಟಿಎಂಒ ಟಾಮ್ ಫೋಲಿ ಕಿವಿಯಲ್ಲಿ ಉಸುರಿದ: ಅದಕ್ಕೂ ಮುಂಚೆ, ಗೆರೆಯಾಚೆ ಹೋದ ಚೆಂಡನ್ನ ಒಳಗೆ ಎಸೆಯೋ ಲೈನ್‌ಔಟಲ್ಲಿ ಆರ್ಡಿ ಸವಿಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು. ನೋಡಿದ್ರು, ಹೌದು, ಜಾರಿತ್ತು. ಟ್ರೈ ಕ್ಯಾನ್ಸಲ್.

ಸರಿಯಾದ ತೀರ್ಪು ತಾನೆ? ಎಲ್ಲಿಯ ಸಮಾಧಾನ! ಆಗಿನ ನಿಯಮದ ಪ್ರಕಾರ ಇಂಥ ತಪ್ಪಿಗೆ ಟಿಎಂಒ ಹಿಂದಕ್ಕೆ ಹೋಗಿ ನೋಡಬಹುದಾದ್ದು ಎರಡು ಫೇಸ್ ಮಾತ್ರ (ಒಂದು ರಾಶಿಯಿಂದ ಇನ್ನೊಂದು ರಾಶಿವರೆಗಿನ ಆಟ ಅಂದ್ರೆ ಒಂದು ಫೇಸ್). ಇದು ಅದಕ್ಕಿಂತ ಹಿಂದಿನದು. ತಪ್ಪು ನಡೆದದ್ದು ನಿಜ, ಅದನ್ನ ಹಿಡಿದ ರೀತಿ ನಿಯಮದ ಆಚೆ. 2007ರಲ್ಲಿ “ಕ್ಯಾಮೆರಾ ಯಾಕೆ ನೋಡ್ಲಿಲ್ಲ” ಅಂದೋರು 2023ರಲ್ಲಿ “ಕ್ಯಾಮೆರಾ ಯಾಕೆ ನೋಡಿದ್ರಿ” ಅಂದ್ರು. ಪಂದ್ಯ 12–11ರಲ್ಲಿ ನ್ಯೂಜಿಲೆಂಡಿನ ಕೈ ತಪ್ಪಿ ಹೋಯ್ತು. ಒಂದೇ ಒಂದು ಪಾಯಿಂಟ್! (ನಗ್ತಿದೀರಾ? ಔಟ್ ಕೊಟ್ಟಾಗ “ಅಂಪೈರ್ಸ್ ಕಾಲ್ ಅನ್ನೋದೇ ದರಿದ್ರ” ಅಂದು, ನಾಟೌಟ್ ಉಳಿದಾಗ “ಬೆನಿಫಿಟ್ ಆಫ್ ಡೌಟ್ ಕಣ್ರೀ” ಅಂದಿದ್ದು ಯಾರು? ಒಂದೇ ಮ್ಯಾಚಲ್ಲಿ?)

ಅದೇ ಫೈನಲ್ಲಿನ ಇನ್ನೊಂದು ರಂಪ: ಎರಡೂ ಕಡೆಯ ಕ್ಯಾಪ್ಟನ್‌ಗಳಿಗೆ ಕಾರ್ಡ್. ಅರ್ಧ ಗಂಟೆ ಆಗೋಕೆ ಮುಂಚೆ ನ್ಯೂಜಿಲೆಂಡಿನ ಸ್ಯಾಮ್ ಕೇನ್‌ನ ಭುಜ ಎದುರಾಳಿಯ ತಲೆಗೆ ತಾಗ್ತು, ಹಳದಿ. ಅದು ಮೇಲೇರಿ ಕೆಂಪಾಯ್ತು. ಪುರುಷರ ವಿಶ್ವಕಪ್ ಫೈನಲ್ಲಿನಲ್ಲಿ ಮೊಟ್ಟಮೊದಲ ರೆಡ್ ಕಾರ್ಡ್. ಎರಡನೇ ಅರ್ಧದ ಶುರುವಿನಲ್ಲಿ ದಕ್ಷಿಣ ಆಫ್ರಿಕಾದ ಸಿಯಾ ಕೊಲಿಸಿ ತಲೆ ಸವಿಯಾ ತಲೆಗೆ ತಾಗ್ತು, ಹಳದಿ. ಅದು ಹಳದಿಯಾಗೇ ಉಳೀತು. “ಇಬ್ರೂ ತಲೆಗೇ ಹೊಡೆದಿದ್ದಲ್ವಾ?” ಅಂದ್ರಿ ತಾನೆ?

ಇಲ್ಲೊಂದು ಲೆಕ್ಕ ಇದೆ. ತಲೆಗೆ ತಾಗಿದೆಯಾ? ಅದು ತಪ್ಪಾಟವಾ? ಅಪಾಯ ಎಷ್ಟು? ತಪ್ಪು ಮಾಡಿದೋನ ಪರವಾಗಿ ಹೇಳೋಕೆ ಏನಾದ್ರೂ ಇದೆಯಾ, ಅಂದ್ರೆ ಬಗ್ಗೋಕೆ ಪ್ರಯತ್ನ ಪಟ್ಟನಾ, ಎದುರಿನೋನು ಕೊನೇ ಗಳಿಗೇಲಿ ಕುಗ್ಗಿದನಾ? ಈ ನಾಲ್ಕೂ ದಾಟಿದ್ರೆ ಕೆಂಪು. ಕೇನ್ ನೆಟ್ಟಗೇ ನಿಂತಿದ್ದ, ಪೂರ್ತಿ ರಭಸ ನೇರ ತಲೆಗೇ ಹೋಯ್ತು ಅಂದ್ರು. ಕೊಲಿಸಿ ವಿಷಯದಲ್ಲಿ ರಭಸ ಅಷ್ಟಿರಲಿಲ್ಲ ಅಂದ್ರು. ಹೇಳಿದ್ದು ಬಾರ್ನ್ಸ್ ಅಲ್ಲ, ‘ಬಂಕರ್’ ಅನ್ನೋ ಕೋಣೆಯಲ್ಲಿ ಕೂತ ಇನ್ನೊಬ್ಬ ಅಧಿಕಾರಿ. ಹಳದಿ ಕೊಟ್ಟು ಆಟ ಮುಂದುವರಿಸ್ತಾರೆ, ಬಂಕರಿಗೆ ಎಂಟು ನಿಮಿಷ ಟೈಮ್, ಅಷ್ಟರಲ್ಲಿ ಕೆಂಪೋ ಹಳದಿಯೋ ಹೇಳ್ಬೇಕು.

“ಗಂಡಸ್ರ ಆಟ, ಇಷ್ಟಕ್ಕೆಲ್ಲಾ ಕಾರ್ಡಾ?” ಅಂತ ಮೀಸೆ ತಿರುವೋಕೆ ಮುಂಚೆ ಒಂದು ವಿಷಯ. ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್ 2003ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದೋರು. ನಲವತ್ತು ದಾಟುತ್ತಿದ್ದ ಹಾಗೇ ಡಿಮೆನ್ಷಿಯಾ. ಆ ಕಪ್ ಗೆದ್ದದ್ದೇ ತನಗೆ ನೆನಪಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅಂಥ ಎಷ್ಟೋ ಆಟಗಾರರು ಕೋರ್ಟಿಗೆ ಹೋಗಿದ್ದಾರೆ. ರೆಫರಿ ಕೈ ಜೇಬಿಗೆ ಹೋಗೋದು ಇದೆಲ್ಲ ತಲೇಲಿ ಇಟ್ಕೊಂಡೇ. ಇದರಲ್ಲಿ ನಿಮ್ಮನ್ನ ಕಿಚಾಯಿಸೋಕೆ ಏನೂ ಇಲ್ಲ, ಮುಂದೆ ಹೋಗೋಣ.

ಈ ತಗಾದೆಗಳೆಲ್ಲ ಟಿವಿ ಬಂದ ಮೇಲಿನದ್ದು ಅಂದ್ಕೊಂಡ್ರಾ? 1884, ಲಂಡನ್ನಿನ ಬ್ಲ್ಯಾಕ್‌ಹೀತ್. ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ. ಒಬ್ಬ ಸ್ಕಾಟ್ ಚೆಂಡನ್ನ ಕೈಯಿಂದ ಹಿಂದಕ್ಕೆ ತಟ್ಟಿದ, ಅದು ಇಂಗ್ಲಿಷರಿಗೆ ಸಿಕ್ತು, ಟ್ರೈ ಆಯ್ತು. ಸ್ಕಾಟರ ವಾದ ಕೇಳಿ: “ನಮ್ಮೋನು ತಟ್ಟಿದ್ದೇ ತಪ್ಪು, ಆದ್ದರಿಂದ ಆಟ ಅಲ್ಲೇ ನಿಲ್ಲಬೇಕಿತ್ತು, ಆದ್ದರಿಂದ ಟ್ರೈ ಇಲ್ಲ!” ಇಂಗ್ಲಿಷರು: “ತಪ್ಪು ನಿಮ್ಮದೇ, ಲಾಭವೂ ನಿಮಗೇನಾ?” ಎರಡೂ ಸರಿ ಅನ್ಸುತ್ತಲ್ವಾ? ಅದೇ ಕಷ್ಟ.

ರೆಫರಿ ಐರ್ಲೆಂಡಿನ ಜಾರ್ಜ್ ಸ್ಕ್ರಿವೆನ್. ಟ್ರೈ ನಿಂತ್ಕೊಳ್ತು, ಜಗಳ ನಿಲ್ಲಲಿಲ್ಲ. ಕಾಗದದ ಮೇಲೆ ಕಾಗದ. 1885ರಲ್ಲಿ ಎರಡೂ ದೇಶದವರು ಆಡಲೇ ಇಲ್ಲ. ಕೊನೆಗೆ ಹಿರಿಯರು ಕೂತು ಪಂಚಾಯ್ತಿ ಮಾಡೋ ಥರ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸೇರಿ 1886ರಲ್ಲಿ ಅಂತಾರಾಷ್ಟ್ರೀಯ ಮಂಡಳಿ ಅಂತ ಒಂದು ಕಟ್ಟಿದ್ರು. ಇಂಗ್ಲೆಂಡ್ ಮೂತಿ ಉಬ್ಬಿಸಿಕೊಂಡು ಹೊರಗೇ ಇದ್ದು 1890ರಲ್ಲಿ ಒಳಗೆ ಬಂತು. ಇವತ್ತಿನ ‘ವರ್ಲ್ಡ್ ರಗ್ಬಿ’ ಅಂದ್ರೆ ಅದೇ ಮಂಡಳಿ. ಇಡೀ ಆಟದ ಹೈಕಮಾಂಡ್ ಹುಟ್ಟಿದ್ದೇ ಒಂದು ಪೀಪಿ ಜಗಳದಿಂದ!

ಇನ್ನೊಂದು ತಮಾಷೆ. ಇಂಗ್ಲೆಂಡ್–ಸ್ಕಾಟ್ಲೆಂಡಿನವರು ಹೊಡೆದಾಡೋ ಟ್ರೋಫಿ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾ ಫುಟ್‌ಬಾಲ್ ಕ್ಲಬ್ಬಿನ ಬಿಳಿಯರು ಕ್ಲಬ್ ಮುಚ್ಚೋವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ, ಕಪ್ ಮಾಡಿಸಿ 1878ರಲ್ಲಿ ಲಂಡನ್ನಿಗೆ ಕೊಟ್ರು. ಹಿಡಿಕೆಗಳ ಜಾಗದಲ್ಲಿ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಹಾಗಾಗಿ ಈ ಜಗಳದಲ್ಲಿ ಮೂಗು ತೂರಿಸೋಕೆ ನಿಮಗೂ ಒಂದು ಹಕ್ಕಿದೆ, ದುಡ್ಡು ಇಲ್ಲಿಂದ ಹೋದದ್ದು. (ಅಷ್ಟು ಸಾಲದಿದ್ರೆ 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ಒಂದು ಟೀಮೂ ಇತ್ತು. ಇನ್ನೇನು ಬೇಕು ಬೈಯೋಕೆ?)

ಕಾರ್ಡಿಫ್ ಮೇಲೆ ನ್ಯೂಜಿಲೆಂಡಿನವರ ಸಿಟ್ಟೂ 2007ರದ್ದಲ್ಲ. 1905ರಲ್ಲಿ ಅದೇ ಊರಲ್ಲಿ ವೇಲ್ಸ್ ಎದುರು ಅವರ ಬಾಬ್ ಡೀನ್ಸ್ ಟ್ರೈ ಮಾಡಿದನೋ ಇಲ್ವೋ ಅಂತ ಶುರುವಾದ ವಾದ ಇನ್ನೂ ಮುಗಿದಿಲ್ಲ. ರೆಫರಿ ಟ್ರೈ ಕೊಡಲಿಲ್ಲ, ವೇಲ್ಸ್ 3–0. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತದ್ದು ಅದೊಂದೇ ಪಂದ್ಯ, ಹಾಗಾಗಿ ಮರೆಯೋ ಮಾತೇ ಇಲ್ಲ. ಅಷ್ಟಾದ್ರೂ ನೋಡಿ, ಅದೇ 1905ರ ಪ್ರವಾಸದಲ್ಲಿ ಗಿಲ್ ಇವಾನ್ಸ್ ಅನ್ನೋ ರೆಫರಿ ಊದಿದ ಪೀಪಿಯನ್ನ ತಮ್ಮ ಪಾಮರ್‌ಸ್ಟನ್ ನಾರ್ತ್ ಮ್ಯೂಸಿಯಮ್ಮಿನಲ್ಲಿ ಜೋಪಾನ ಮಾಡಿದ್ದಾರೆ. ಪ್ರತಿ ವಿಶ್ವಕಪ್‌ನ ಮೊದಲ ಪಂದ್ಯ ಶುರುವಾಗೋದು ಅದರ ಸದ್ದಿನಿಂದಲೇ. (1925ರಲ್ಲಿ ಟ್ವಿಕೆನ್‌ಹ್ಯಾಮ್‌ನಲ್ಲಿ ಸಿರಿಲ್ ಬ್ರೌನ್‌ಲಿಯನ್ನ ಆಚೆ ಕಳಿಸಿದ್ದೂ ಅದೇ ಪೀಪಿ. ಅಂತಾರಾಷ್ಟ್ರೀಯ ಪಂದ್ಯದಿಂದ ಹೊರಹಾಕಿಸಿಕೊಂಡ ಮೊದಲ ಆಟಗಾರ. ಯಾವ ದೇಶದೋನು ಅಂತ ಬೇರೆ ಹೇಳ್ಬೇಕಾ?)

“ಹೋಗ್ಲಿ, ತಪ್ಪಾಯ್ತು ಅಂತ ಒಪ್ಕೋಬಹುದಲ್ವಾ?” ಅಂತೀರಿ. ಒಪ್ಕೊಂಡಿದ್ದಾರೆ ಸ್ವಾಮಿ. 2015ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಇನ್ನೇನು ಮುಗೀತು ಅನ್ನೋವಾಗ ರೆಫರಿ ಕ್ರೇಗ್ ಜುಬೇರ್ ಸ್ಕಾಟ್ಲೆಂಡ್ ವಿರುದ್ಧ ಆಫ್‌ಸೈಡ್ ಅಂತ ಪೆನಾಲ್ಟಿ ಕೊಟ್ರು. ಆಸ್ಟ್ರೇಲಿಯಾ ಅದನ್ನ ಒದ್ದು 35–34ರಲ್ಲಿ ಗೆಲ್ತು. ಪಂದ್ಯ ಮುಗಿದದ್ದೇ ತಡ, ರೆಫರಿ ಯಾರ ಕೈಯನ್ನೂ ಕುಲುಕದೆ ಒಳಗೆ ಓಟ ಕಿತ್ರು. ಮಾರನೇ ದಿನ ವರ್ಲ್ಡ್ ರಗ್ಬಿ ಹೇಳ್ತು: ನಡುವೆ ಚೆಂಡು ಆಸ್ಟ್ರೇಲಿಯಾದವನಿಗೂ ತಾಗಿತ್ತು, ಕೊಡಬೇಕಿದ್ದದ್ದು ಬರೀ ಸ್ಕ್ರಮ್. ಅಂಥ ತೀರ್ಪನ್ನ ವಿಡಿಯೋಗೆ ಕಳಿಸೋಕೆ ಆಗಿನ ನಿಯಮದಲ್ಲಿ ಅವಕಾಶವೂ ಇರಲಿಲ್ಲ. ಸ್ಕಾಟ್ಲೆಂಡಿನವರಿಗೆ ಸಮಾಧಾನ ಆಯ್ತಾ? ಉರಿ ಜಾಸ್ತಿಯಾಯ್ತು. ಮೊದಲು ಅನುಮಾನ ಇತ್ತು, ಈಗ ಅದಕ್ಕೆ ಸರ್ಟಿಫಿಕೇಟೂ ಬಂತು!

ದೂರು ಕೊಡೋದ್ರಲ್ಲೂ ಒಂದು ದಾಖಲೆ ಇದೆ. 2021ರಲ್ಲಿ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಎದುರು ಮೊದಲ ಟೆಸ್ಟ್ ಸೋತ ಮೇಲೆ ದಕ್ಷಿಣ ಆಫ್ರಿಕಾದ ರಗ್ಬಿ ಡೈರೆಕ್ಟರ್ ರಾಸಿ ಎರಾಸ್ಮಸ್ ರೆಫರಿ ನಿಕ್ ಬೆರಿಯ ತೀರ್ಪುಗಳನ್ನ ಒಂದೊಂದಾಗಿ ಬಿಡಿಸಿಟ್ಟು ವಿಡಿಯೋ ಮಾಡಿದ್ರು. ಉದ್ದ 62 ನಿಮಿಷ. ಅದು ಹೊರಗೆ ಬಂತು, ಎರಡು ತಿಂಗಳು ರಗ್ಬಿಯಿಂದಲೇ ನಿಷೇಧ ಆಯ್ತು. (ನೀವು ಅಪಾರ್ಟ್‌ಮೆಂಟ್ ಗ್ರೂಪಿಗೆ ಕಳಿಸೋ ವಾಯ್ಸ್ ನೋಟ್ ಅದಕ್ಕಿಂತ ಚಿಕ್ಕದು ಅಂತ ಒಪ್ಕೋತೀನಿ.) ಆ ಸರಣಿಯ ಉಳಿದ ಎರಡೂ ಟೆಸ್ಟ್ ದಕ್ಷಿಣ ಆಫ್ರಿಕಾದವರೇ ಗೆದ್ರು, ಅದು ಬೇರೆ ಮಾತು.

ನಗುವಿನಾಚೆ ಹೋದದ್ದೂ ಇದೆ. 2023ರ ಆ ಫೈನಲ್ ಆದ ಮೇಲೆ ಬಾರ್ನ್ಸ್ ನಿವೃತ್ತಿ ತಗೊಂಡ್ರು. ಟಾಮ್ ಫೋಲಿ ಬೈಗುಳ, ಬೆದರಿಕೆ ತಾಳಲಾರದೆ ಅಂತಾರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದ್ರು. ಬೆದರಿಸಿದೋರು ಯಾರು ಅಂತೀರಾ? ಮೈದಾನದಲ್ಲಿದ್ದ ಆಟಗಾರರಲ್ಲ. ಅವರು ಇವತ್ತಿಗೂ ರೆಫರಿಗೆ ‘ಸರ್’ ಅನ್ನೋರು. ಎರಡು ಮೀಟರ್ ಎತ್ತರದ ಆಳು ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ಬೈಸಿಕೊಳ್ತಾನೆ. ಮಾತಾಡೋ ಅಧಿಕಾರ ಕ್ಯಾಪ್ಟನ್‌ಗೆ ಮಾತ್ರ. ಎದುರುತ್ತರ ಕೊಟ್ರೆ ಪೆನಾಲ್ಟಿಯ ಜಾಗ ಇನ್ನೂ ಹತ್ತು ಮೀಟರ್ ಮುಂದಕ್ಕೆ. (ಆ ಹತ್ತು ಮೀಟರ್ ನಿಯಮ ನಮ್ಮನೆ ಹಾಲ್‌ಗೂ ಬಂದ್ರೆ ನೀವು ಇಷ್ಟು ಹೊತ್ತಿಗೆ ಕಾಂಪೌಂಡ್ ಆಚೆ ಇರ್ತಿದ್ರಿ.)

ಸರಿ, ಮುಂದಿನ ಸಲ ಒಂದು ಕೆಲಸ ಮಾಡಿ. ನಿಮಗೆ ಹಿಂದೆ ಮುಂದೆ ಗೊತ್ತಿಲ್ಲದ ಎರಡು ತಂಡ ಆರಿಸ್ಕೊಳ್ಳಿ. ಜಾರ್ಜಿಯಾ ಮತ್ತು ಪೋರ್ಚುಗಲ್ ಅಂತಿಟ್ಕೊಳ್ಳಿ, 2023ರ ವಿಶ್ವಕಪ್ಪಿನಲ್ಲಿ 18–18ಕ್ಕೆ ಸಮ ಮಾಡಿಕೊಂಡೋರು. ಅಲ್ಲಿ ನೆಂಟರಿಲ್ಲ, ಇಷ್ಟರಿಲ್ಲ, ಭಾಮೈದನೂ ಇಲ್ಲ. ಮ್ಯೂಟ್ ತೆಗೀರಿ, ರೆಫರಿ ಮಾತು ಕೇಳಿ, ಚಾಚಿದ ಕೈ ನೋಡಿ. ಎಷ್ಟು ಚೆನ್ನಾಗಿ ನಡೆಸ್ತಾನಪ್ಪಾ ಅನ್ಸುತ್ತೆ. ಎಲ್ಲ ಅರ್ಥ ಆಗ್ತಿದೆ ಅನ್ಸುತ್ತೆ.

ಹಾಗೇ ಒಂದು ಹತ್ತು ನಿಮಿಷ ಕೂತಿರಿ ನೋಡೋಣ. ಆಗಲ್ಲ ಬಿಡಿ. ಆರನೇ ನಿಮಿಷಕ್ಕೆ ಪೋರ್ಚುಗಲ್‌ನ ಒಬ್ಬ ಸಣಕಲ ಹುಡುಗ ಎರಡು ಗುಡ್ಡಗಳ ಮಧ್ಯೆ ಚಂಗನೆ ನುಸುಳಿ ಓಡ್ತಾನೆ. ನೀವು ಸೋಫಾ ತುದಿಗೆ ಬರ್ತೀರಿ. “ಹೋಗು ಮರಿ, ಹೋಗು!” ಅವನನ್ನ ಯಾರೋ ಕೆಡವ್ತಾರೆ, ರಾಶಿ ಬೀಳುತ್ತೆ, ಪೀಪಿ ಊದುತ್ತೆ, ರೆಫರಿ ಕೈ ಜಾರ್ಜಿಯಾ ಕಡೆ ಹೋಗುತ್ತೆ. ಏನಂದ್ರಿ? ಸ್ವಲ್ಪ ಮೆಲ್ಲಗೆ, ಪಕ್ಕದ ಮನೇಲಿ ಮಗು ಮಲಗಿದೆ.